ಸಹಾಯ ಬೇಕು: ಅರ್ಕಾನ್ಸಾದ ಮುತ್ತಜ್ಜಿಯ ಜಮೀನು ಫೈಲು, ತವರಿನ ಹೆಸರು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಹಳೇ ದಾಖಲೆ ಹುಡುಕಿ ಅಭ್ಯಾಸ ಇರುವವರು ಯಾರಾದರೂ ಇದ್ದೀರಾ?

ನನ್ನ ಗಂಡನ ಮನೆಯವರು ಅರ್ಕಾನ್ಸಾ ರಾಜ್ಯದ ಓಝಾರ್ಕ್ ಗುಡ್ಡಗಾಡಿನ ಕಡೆಯವರು. ಅವರ ಅಜ್ಜಿಯ ಅಜ್ಜಿ ಗಂಡ ಸತ್ತ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಬಂದು, ಕಾಡು ಕಡಿದು, ಮುಸುಕಿನ ಜೋಳ ಬೆಳೆದು ಬದುಕಿದವರಂತೆ. ಜಮೀನು ಅವರ ಹೆಸರಿಗೇ ಆಯ್ತು ಅಂತಾರೆ. ನಂಬೋ ಮಾತೇ. ಸರ್ಕಾರಿ ಜಮೀನು ಹಂಚುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ವಿಧವೆಯರೂ 160 ಎಕರೆವರೆಗೆ ಅರ್ಜಿ ಹಾಕಬಹುದಿತ್ತು. 5 ವರ್ಷ ಅಲ್ಲೇ ಇದ್ದು ಉಳುಮೆ ಮಾಡಬೇಕಿತ್ತು. ಗಂಡ ಇದ್ದವಳಿಗೆ ಮಾತ್ರ ಸಾಮಾನ್ಯವಾಗಿ ಆ ಹಕ್ಕಿರಲಿಲ್ಲ, ಎಂಥಾ ನ್ಯಾಯ ಅಲ್ವಾ!

ಕೈಯಲ್ಲಿರೋದು ಮನೆಯ ಹಳೇ ಬೈಬಲ್. ನಡುವಿನ ಹಾಳೆಯಲ್ಲಿ ಮಕ್ಕಳು ಹುಟ್ಟಿದ ತಾರೀಕು ಪೆನ್ಸಿಲಲ್ಲಿ ಬರೆದಿದ್ದಾರೆ, ಮಡಿಕೆ ಬಿದ್ದ ಕಡೆ ಅಳಿಸಿಹೋಗಿದೆ. 1880ರ ಜನಗಣತಿಯಲ್ಲಿ ಆ ಅಜ್ಜಿ ಗಂಡನ ಜೊತೆ ಟೆನೆಸೀಯಲ್ಲಿದ್ದಾರೆ. 1900ರಲ್ಲಿ ಅರ್ಕಾನ್ಸಾದಲ್ಲಿ ವಿಧವೆ, ಮನೆ ಯಜಮಾನಿ. ಅದರಲ್ಲೇ ಇನ್ನೊಂದು ಕಾಲಂ: ಹೆತ್ತ ಮಕ್ಕಳು 9, ಬದುಕಿರೋದು 5. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನಡುವಿನ 1890ರ ಪಟ್ಟಿ 1921ರ ವಾಷಿಂಗ್ಟನ್ ಬೆಂಕಿಯಲ್ಲಿ ಬಹುಪಾಲು ಹಾಳಾಗಿದೆ.

ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಿಂದ ಜಮೀನಿನ ಪೂರ್ತಿ ಫೈಲು ಯಾರಾದರೂ ತರಿಸಿದ್ದೀರಾ? ಅದರಲ್ಲಿ ಸಾಕ್ಷಿಗಳ ಹೇಳಿಕೆ, ಮನೆಯ ಅಳತೆ, ಎಷ್ಟು ಎಕರೆ ಉತ್ತರು ಎಲ್ಲಾ ಇರುತ್ತದೆ. ಖರ್ಚು ಜಾಸ್ತಿಯಾ? ಇನ್ನು ತವರಿನ ಹೆಸರು, ಅಂದ್ರೆ ಮದುವೆಗೆ ಮುಂಚಿನ ಮನೆತನದ ಹೆಸರು. ಅರ್ಕಾನ್ಸಾದಲ್ಲಿ 1914ರಿಂದ ಸಾವಿನ ನೋಂದಣಿ ಇದೆ. ಮಕ್ಕಳ ಮರಣ ಪ್ರಮಾಣಪತ್ರದಲ್ಲಿ ತಾಯಿಯ ತವರಿನ ಹೆಸರು ಸಿಗಬಹುದಾ, ಅಥವಾ ಮೊದಲು ಟೆನೆಸೀ ರಾಜ್ಯದ ಕೌಂಟಿಯ (ನಮ್ಮ ಜಿಲ್ಲೆ ಥರ) ಮದುವೆ ರಿಜಿಸ್ಟರ್ ನೋಡಲಾ?

ಅರ್ಕಾನ್ಸಾ ರಾಜಧಾನಿ ಲಿಟಲ್ ರಾಕ್ ಹತ್ತಿರ ಇರುವ ಕನ್ನಡಿಗರು ಒಮ್ಮೆ ರಾಜ್ಯ ಪತ್ರಾಗಾರಕ್ಕೆ ಹೋಗಿ ನೋಡೋಕಾದರೆ ದೊಡ್ಡ ಉಪಕಾರ. ಹೆಸರು, ಕೌಂಟಿ ಮೆಸೇಜಲ್ಲಿ ಕಳಿಸುತ್ತೇನೆ.