8 ಲಕ್ಷಕ್ಕೆ ಹಳೆಯ ಕ್ಯಾಮ್ರಿನಾ, ಸೂಪರ್ಬಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ದೊಡ್ಡ ಸೆಡಾನ್ ಹುಡುಕುತ್ತಿದ್ದೇನೆ. ಕೈಯಲ್ಲಿರುವುದು 8 ಲಕ್ಷ, ಅದರಲ್ಲೇ 1 ಲಕ್ಷ ರಿಪೇರಿಗೆ ಎತ್ತಿಡಬೇಕು. ಮೈಸೂರಿನೊಳಗೆ ಓಡಾಟ ಕಡಿಮೆ. ಆಗಾಗ ಅಪ್ಪ ಅಮ್ಮನ ಜೊತೆ ಶಿರಸಿಗೆ ಹೋಗುತ್ತೇವೆ. ಅಪ್ಪನಿಗೆ ಮಂಡಿ ನೋವು, ಎತ್ತರದ ಗಾಡಿ ಹತ್ತಲು ಆಗುವುದಿಲ್ಲ. ಹಾಗಾಗಿ ಸುಮ್ನೆ 'ಇನ್ನೋವಾ ತಗೊಳ್ಳಿ' ಅನ್ನಬೇಡಿ, ಕೈ ಮುಗಿಯುತ್ತೇನೆ!

ನೋಡಿರುವುದು ಎರಡು. ಒಂದು 2014ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ (ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವುದು), ನಮ್ಮ ಬಿಡದಿಯಲ್ಲೇ ಜೋಡಿಸಿದ್ದು. 2.5 ಲೀಟರ್ ಪೆಟ್ರೋಲ್ ಎಂಜಿನ್, ಗಟ್ಟಿ ಗಾಡಿ. ಭಯ ಇರುವುದು ಬ್ಯಾಟರಿಯದ್ದು. ಹಿಂದಿನ ಸೀಟಿನ ಬೆನ್ನಿಗಿರುವ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಗೆ ಹತ್ತು ವರ್ಷ ದಾಟಿದೆ. ಅದರ ಕೂಲಿಂಗ್ ಫ್ಯಾನ್‌ಗೆ ಧೂಳು ಕಟ್ಟಿದರೆ ಇನ್ನೂ ಬೇಗ ಸೊರಗುತ್ತದೆ.

ಇನ್ನೊಂದು 2013ರ ಸ್ಕೋಡಾ ಸೂಪರ್ಬ್ ಡೀಸೆಲ್. ಹಿಂದೆ ಕಾಲು ಚಾಚಲು ಇದರಷ್ಟು ಜಾಗ ಕ್ಯಾಮ್ರಿಯಲ್ಲೂ ಇಲ್ಲ ಅನ್ನಿಸಿತು. ಸೂಪರ್ಬ್‌ನದ್ದೇ 1.8 ಲೀಟರ್ ಪೆಟ್ರೋಲ್ ಆಟೋಮ್ಯಾಟಿಕ್ ಬೇಡವೇ ಬೇಡ. ಅದರಲ್ಲಿರುವುದು 7 ಗೇರ್‌ನ ಡ್ರೈ ಕ್ಲಚ್ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್), ಅದರ ಗೇರ್ ನಿಯಂತ್ರಿಸುವ ಮೆಕಾಟ್ರಾನಿಕ್ಸ್ ಭಾಗ ಕೆಟ್ಟರೆ ಬಿಲ್ಲು ಲಕ್ಷ ದಾಟಬಹುದು. ಡೀಸೆಲ್‌ನ 6 ಗೇರ್ ವೆಟ್ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್) ಡಿಎಸ್‌ಜಿ ವಾಸಿ, ಆದರೆ 60,000 ಕಿ.ಮೀ.ಗೊಮ್ಮೆ ಗೇರ್ ಆಯಿಲ್ ಬದಲಿಸಿರಬೇಕು ಅಲ್ವಾ? ಓನರ್ ಹತ್ತಿರ ಆ ಬಿಲ್ಲೇ ಇಲ್ಲ.

ದೆಹಲಿ ಗಾಡಿ ಅಗ್ಗ ಅಂತ ಹೇಳುವವರಿದ್ದಾರೆ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟುವಷ್ಟರಲ್ಲಿ ಉಳಿಸಿದ್ದೆಲ್ಲ ಹೋಗುತ್ತದೆ. ಕೆಎ ನಂಬರ್ ಮಾತ್ರ ಸಾಕು.

ಕ್ಯಾಮ್ರಿ ಬ್ಯಾಟರಿಯ ಹೆಲ್ತ್ ರಿಪೋರ್ಟ್ ತೆಗೆದುಕೊಡುವ ನಂಬಿಕಸ್ಥ ಮೆಕ್ಯಾನಿಕ್ ಮೈಸೂರು ಅಥವಾ ಬೆಂಗಳೂರಿನಲ್ಲಿ ಇದ್ದಾರಾ? ಪೂರ್ತಿ ಬ್ಯಾಟರಿ ಬದಲು ಅದರೊಳಗಿನ ಹಾಳಾದ ಮಾಡ್ಯೂಲ್ (ಬಿಡಿ ಭಾಗ) ಮಾತ್ರ ಬದಲಿಸಿದವರು ಯಾರಾದರೂ ಇದ್ದರೆ, ಎಷ್ಟು ದಿನ ಬಾಳಿಕೆ ಬಂತು ತಿಳಿಸಿ. ಓನರ್‌ಗೆ ಭಾನುವಾರದೊಳಗೆ ಉತ್ತರ ಹೇಳಬೇಕು.