‘ಪುರಾವೆ’ ಎಂದರೆ ಪಹಣಿಯೇ?

ಬಳಗಕ್ಕೆ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಶಾಲೆಯ ಪೋಷಕರ ಸಭೆಗೆಂದು ಇಂಗ್ಲಿಷ್ ಕರಪತ್ರವೊಂದನ್ನು ಕನ್ನಡಿಸಿದ್ದೆ. ‘ಎವಿಡೆನ್ಸ್’ಗೆ ‘ಪುರಾವೆ’ ಎಂದು ಹಾಕಿ ಕೊಟ್ಟ ತಲೆಬರಹ: ‘ಪುರಾವೆ ಆಧಾರಿತ ಬುನಾದಿ ಕಲಿಕೆ’. ಮುಂದಿನ ಬೆಂಚಿನಲ್ಲಿ ಕೂತಿದ್ದ ಅಡಿಕೆ ಬೆಳೆಗಾರರೊಬ್ಬರು ಓದಿ, ‘ಪುರಾವೆ ಅಂದ್ರೆ ಎಂತ ತರ್ಬೇಕು ಮೇಷ್ಟ್ರೇ, ಪಹಣಿಯಾ?’ ಎಂದರು.

‘ಬುನಾದಿ’ಯ ತಕರಾರು ನನಗಿಲ್ಲ. ಪಾರಸಿಯಿಂದ ಬಂದದ್ದಾದರೂ ಚಿಕ್ಕ ಮಕ್ಕಳ ಓದು, ಲೆಕ್ಕಕ್ಕೆಂದು ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯ ಕಾಗದಗಳು ಬಂದ ಮೇಲೆ ಮೇಷ್ಟ್ರುಗಳ ಬಾಯಿಗೆ ಹತ್ತಿದೆ. ಮನೆ ಕಟ್ಟುವವರು ಅಡಿಪಾಯಕ್ಕೆ ಹೇಳುವ ‘ಪಂಚಾಂಗ’ ನನಗೆ ಹೆಚ್ಚು ಇಷ್ಟ, ಆದರೆ ‘ಪಂಚಾಂಗದ ಕಲಿಕೆ’ ಎಂದರೆ ಒಂದನೇ ಕ್ಲಾಸಿಗೆ ತಿಥಿ ನಕ್ಷತ್ರ ಹೇಳಿಕೊಟ್ಟಂತಾದೀತು!

ತೊಡಕಿರುವುದು ‘ಪುರಾವೆ’ಯಲ್ಲಿ. ಕರಪತ್ರದ ವಿಷಯ, ಮಕ್ಕಳ ಕಲಿಕೆಗಾಗಿ ದುಡಿಯುವ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ಕಲಿಸುವ ಕ್ರಮ. ಐದನೇ ಕ್ಲಾಸಿನ ಹುಡುಗ ‘ಅಜ್ಜಿ’ಯನ್ನು ‘ಅಜಿ’ ಎಂದು ಓದಿ ನಿಂತರೆ ಅವನಿಗೆ ಐದರ ಪಾಠ ಒತ್ತಾಯಿಸದೆ, ಅಕ್ಷರ, ಪದ, ಪ್ಯಾರಾ, ಕಥೆ ಇವುಗಳಲ್ಲಿ ಎಲ್ಲಿದ್ದಾನೋ ಆ ಗುಂಪಿನಲ್ಲಿ ಕೂರಿಸಿ ಅಲ್ಲಿಂದ ಕಲಿಸುವುದು. ಆಫ್ರಿಕಾದ ಜಾಂಬಿಯಾಕ್ಕೂ ಹೋಗಿದೆ ಇದು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಜೊತೆಗಾರರು ಚೀಟಿ ಎತ್ತಿದ ಹಾಗೆ ಶಾಲೆ, ಊರು ಆರಿಸಿ, ಕೆಲವಕ್ಕೆ ಈ ಕ್ರಮ ಕೊಟ್ಟು, ಕೆಲವನ್ನು ಇದ್ದಂತೆಯೇ ಬಿಟ್ಟು, ಎರಡೂ ಕಡೆ ಮಕ್ಕಳ ಓದನ್ನು ತಾಳೆ ನೋಡಿದರು. ಗುಂಪು ಮಾಡಿ ಕಲಿಸಿದಲ್ಲಿ ಓದು ಸುಧಾರಿಸಿತು. ಬಿಹಾರದಲ್ಲಿ ಬರೀ ಪುಸ್ತಕ, ಸಾಮಗ್ರಿ ಹಂಚಿದ ಕಡೆ ಏನೂ ಆಗಲಿಲ್ಲ.

ಈ ‘ಆಗಲಿಲ್ಲ’ವೂ ಆ ಪದದೊಳಗೆ ಹಿಡಿಸಬೇಕಲ್ಲ? ಪುರಾವೆ ಯಾವಾಗಲೂ ಒಂದು ಪಕ್ಷದ್ದು, ವಕೀಲರು ತಮಗೆ ಬೇಕಾದ್ದನ್ನೇ ಹಾಜರುಪಡಿಸುತ್ತಾರೆ. ‘ಸಾಕ್ಷ್ಯ’ಕ್ಕೂ ಕೋರ್ಟಿನದೇ ವಾಸನೆ. ‘ಆಧಾರ’ ಎಂದರೆ ಜನ ಜೇಬಿನಿಂದ ಕಾರ್ಡು ತೆಗೆಯುತ್ತಾರೆ. ‘ಒರೆಗೆ ಹಚ್ಚಿದ ಕಲಿಕೆ’ ಎಂದು ತಿದ್ದಿದೆ. ಕಿವಿಗೆ ಹಿತವಾಗಿದೆ, ಆದರೆ ಒರೆಗಲ್ಲು ಹೇಳುವುದು ಒಂದೇ ಚಿನ್ನದ ಗುಣ. ಕೊಟ್ಟದ್ದು, ಕೊಡದ್ದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ಅರ್ಥ ಅದರಲ್ಲಿ ಬರದು.

ಕೊನೆಗೆ ಆ ಬೆಳೆಗಾರರಿಗೆ, ‘ಕೊಳೆರೋಗಕ್ಕೆ ಬೋರ್ಡೊ ಹೊಡೆದ ಮರ, ಹೊಡೆಯದ ಮರ, ಎರಡನ್ನೂ ನೋಡಿ ಹೇಳಿದ್ದು’ ಎಂದೆ (ಬೋರ್ಡೊ ಎಂದರೆ ಅಡಿಕೆಗೆ ಸಿಂಪಡಿಸುವ ಮೈಲುತುತ್ತ, ಸುಣ್ಣದ ದ್ರಾವಣ). ‘ಹಂಗನ್ನಿ ಮತ್ತೆ’ ಎಂದರು. ಇಷ್ಟುದ್ದದ್ದನ್ನು ತಲೆಬರಹಕ್ಕೆ ಹಾಕಲಾಗದು. ಹೀಗೆ ಹೋಲಿಸಿ ನೋಡುವುದಕ್ಕೆ ನಿಮ್ಮ ಕಡೆ ತೋಟ ಗದ್ದೆಯವರು ಒಂದೇ ಮಾತಿನಲ್ಲಿ ಏನನ್ನುತ್ತಾರೆ?