ಇಚಿರೊ ಸುಜುಕಿಯವರ 262 ಹಿಟ್‌ಗಳು: ಆ ಕಾಲದಲ್ಲಿ ಆಟ ನೋಡಿದವರ ನೆನಪುಗಳೇನು?

ಬೆಲ್ವ್ಯೂ_ಹೊಸಬ

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಸಿಯಾಟಲ್ ಪಕ್ಕದ ಬೆಲ್ವ್ಯೂಗೆ ಬಂದು ನೆಲೆಸಿರುವ ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಗೀಳು ಇರಲಿಲ್ಲ. 2025ರ ಆಗಸ್ಟ್ 9ರಂದು ಸಿಯಾಟಲ್‌ನ ಬೇಸ್‌ಬಾಲ್ ತಂಡವಾದ ಮ್ಯಾರಿನರ್ಸ್, ಜಪಾನಿನಿಂದ ಬಂದು ತನ್ನ ಪರ ಆಡಿದ್ದ ಇಚಿರೊ ಅವರ 51ನೆಯ ಸಂಖ್ಯೆಯನ್ನು ನಿವೃತ್ತಿಗೊಳಿಸಿದ ಸಮಾರಂಭಕ್ಕೆ ಸಹೋದ್ಯೋಗಿಗಳು ನನ್ನನ್ನೂ ಕರೆದೊಯ್ದಿದ್ದರು. ನನ್ನ ಅಕ್ಕಪಕ್ಕದಲ್ಲಿದ್ದ ನಡುವಯಸ್ಸಿನವರು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡು, ಈ ಆಟಗಾರರ ಬಗ್ಗೆ ತಿಳಿದುಕೊಳ್ಳಬೇಕೆನಿಸಿತು.

ಓದಿದಷ್ಟೂ ಎರಡು ಸಂದೇಹಗಳು ಹೆಚ್ಚಾಗಿವೆ. ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್‌ಗಳನ್ನೂ ಸುತ್ತಿ ಬರುವುದು) ಬಾರಿಸುವವರನ್ನೇ ತಲೆಯ ಮೇಲೆ ಹೊತ್ತು ಮೆರೆಸುವ ಈ ಆಟದಲ್ಲಿ, 2004ರಲ್ಲಿ ಅವರು ಗಳಿಸಿದ 262 ಹಿಟ್‌ಗಳ (ಚೆಂಡನ್ನು ಹೊಡೆದು ಔಟಾಗದೆ ಬೇಸ್ ಎಂಬ ಗುರುತಿನ ತಾಣಕ್ಕೆ ಓಡಿ ಸೇರುವುದೇ ಹಿಟ್) ಪೈಕಿ 225 ಕೇವಲ ಒಂದು ಬೇಸಿನ ಹೊಡೆತಗಳಾಗಿರುವಾಗ, ಒಂದೇ ಋತುವಿನ ಅತಿ ಹೆಚ್ಚು ಹಿಟ್‌ಗಳ ಆ ದಾಖಲೆಗೆ ಇಷ್ಟೊಂದು ಗೌರವ ಏಕೆ? ಇನ್ನೊಂದು, ಜಪಾನಿನಲ್ಲಿ ಗಳಿಸಿದ 1278 ಮತ್ತು ಅಮೆರಿಕದಲ್ಲಿ ಗಳಿಸಿದ 3089 ಹಿಟ್‌ಗಳನ್ನು ಕೂಡಿಸಿ 4367 ಎಂದು ಹೇಳುವುದು ಎಷ್ಟರ ಮಟ್ಟಿಗೆ ಸರಿ? ಆ ದಿನಗಳಲ್ಲಿ ಇಲ್ಲಿದ್ದ ಹಿರಿಯರು ತಮ್ಮ ನೆನಪುಗಳನ್ನು ಹಂಚಿಕೊಂಡರೆ ಉಪಕಾರವಾಗುತ್ತದೆ.

ರೆಡ್ಮಂಡ್_ಮಲೆನಾಡಿಗ

ನಮಸ್ಕಾರ. 2004ರ ಋತು ಹೇಗಿತ್ತೆಂಬುದನ್ನು ಮೊದಲು ಹೇಳದಿದ್ದರೆ ಆ ದಾಖಲೆಯ ಬೆಲೆ ತಿಳಿಯುವುದಿಲ್ಲ. 2001ರಲ್ಲಿ 116 ಪಂದ್ಯಗಳನ್ನು ಗೆದ್ದು, 1906ರ ಷಿಕಾಗೊ ಕಬ್ಸ್ ತಂಡದ ದಾಖಲೆಯನ್ನು ಸರಿಗಟ್ಟಿದ್ದ ಮ್ಯಾರಿನರ್ಸ್, ಮೂರೇ ವರ್ಷಗಳಲ್ಲಿ 99 ಪಂದ್ಯಗಳನ್ನು ಸೋಲುವ ಸ್ಥಿತಿಗೆ ಇಳಿದಿತ್ತು. ಆಗಸ್ಟ್ ಕಳೆಯುವ ಹೊತ್ತಿಗೆ ಸೇಫ್‌ಕೋ ಫೀಲ್ಡಿಗೆ (ಈಗಿನ ಟಿ-ಮೊಬೈಲ್ ಪಾರ್ಕಿಗೆ ಆಗ ಅದೇ ಹೆಸರು) ಹೋಗಲು ನಮಗೆ ಉಳಿದಿದ್ದ ಕಾರಣಗಳು ಎರಡೇ: ತಂಡದ ಹಿರಿಯ ಬ್ಯಾಟರ್ ಎಡ್ಗರ್ ಮಾರ್ಟಿನೆಜ್ ಅವರ ವಿದಾಯ ಮತ್ತು ಇಚಿರೊ ಅವರ ಲೆಕ್ಕ. ಬಲಬದಿಯ ಪ್ರೇಕ್ಷಕರ ಸಾಲಿನಲ್ಲಿ ಕೂರುತ್ತಿದ್ದ ಅಭಿಮಾನಿಯೊಬ್ಬರು ಅಂಕಿಗಳನ್ನು ಬದಲಾಯಿಸಬಹುದಾದ 'ಇಚಿ-ಮೀಟರ್' ಎಂಬ ಫಲಕವನ್ನು ಹಿಡಿದು, ಪ್ರತಿ ಹಿಟ್ಟಿಗೂ ಸಂಖ್ಯೆಯನ್ನು ಏರಿಸುತ್ತಿದ್ದರು. ತಂಡ ಸೋತರೂ ಆ ಫಲಕದಲ್ಲಿ ಎರಡು ಅಂಕಿ ಏರಿದ್ದರೆ ನಾವು ಸಮಾಧಾನದಿಂದಲೇ ಮನೆಗೆ ಮರಳುತ್ತಿದ್ದೆವು.

ಅಕ್ಟೋಬರ್ 1, ಶುಕ್ರವಾರ ರಾತ್ರಿ, ಟೆಕ್ಸಸ್ ರೇಂಜರ್ಸ್ ಎದುರಾಳಿ. ಜಾರ್ಜ್ ಸಿಸ್ಲರ್ 1920ರಲ್ಲಿ ಸ್ಥಾಪಿಸಿದ್ದ 257ರ ದಾಖಲೆ ಎಂಬತ್ತನಾಲ್ಕು ವರ್ಷ ಅಲುಗಾಡದೆ ನಿಂತಿತ್ತು, ಇಚಿರೊ 256ರಲ್ಲಿದ್ದರು. ಪಿಚರ್ ರಯಾನ್ ಡ್ರೀಸ್ ಎಸೆದ ಚೆಂಡಿಗೆ ಮೊದಲ ಇನಿಂಗ್ಸಿನಲ್ಲೇ ಒಂದು ಹಿಟ್ ಬಂದು ಲೆಕ್ಕ ಸಮವಾಯಿತು. ಮೂರನೆಯ ಇನಿಂಗ್ಸಿನಲ್ಲಿ ಅವರು ಎಂದಿನಂತೆ ಬಲಗೈಯಲ್ಲಿ ಬ್ಯಾಟನ್ನು ಪಿಚರ್ ಕಡೆಗೆ ನೆಟ್ಟಗೆ ಚಾಚಿ, ಎಡಗೈಯಿಂದ ತೋಳಿನ ಬಟ್ಟೆಯನ್ನು ಎಳೆದುಕೊಂಡಾಗ ನಲವತ್ತೈದು ಸಾವಿರ ಜನ ಎದ್ದು ನಿಂತಿದ್ದೆವು. ಚೆಂಡು ನೆಲಕ್ಕೆ ತಾಗಿ, ಮೈದಾನದ ನಡುವಿನಿಂದ ಒಳಕಾವಲುಗಾರರನ್ನು ದಾಟಿ ಹೊರಗೆ ಹೋಯಿತು. ಪಟಾಕಿ ಸಿಡಿಯಿತು, ಜೊತೆಗಾರರೆಲ್ಲ ಓಡಿಬಂದು ಮುತ್ತಿಕೊಂಡರು. ಅವರು ಜನರಿಗೆ ತಲೆಬಾಗಿ, ಬಳಿಕ ಮೊದಲ ಬೇಸಿನ ಬದಿಯಲ್ಲಿ ಕುಳಿತಿದ್ದ ಸಿಸ್ಲರ್ ಕುಟುಂಬದವರ ಬಳಿಗೆ ಹೋಗಿ, ಸಿಸ್ಲರ್ ಅವರ ಎಂಬತ್ತೊಂದು ವರ್ಷದ ಮಗಳ ಕೈಕುಲುಕಿದರು. ಐದು ವರ್ಷಗಳ ನಂತರ ಆಲ್-ಸ್ಟಾರ್ ಪಂದ್ಯಕ್ಕೆಂದು (ಆಯ್ದ ತಾರಾ ಆಟಗಾರರ ವಾರ್ಷಿಕ ಪಂದ್ಯ) ಸೇಂಟ್ ಲೂಯಿಸ್‌ಗೆ ಹೋದಾಗ ಸಿಸ್ಲರ್ ಅವರ ಸಮಾಧಿಗೆ ಭೇಟಿಯಿತ್ತು ಗೌರವ ಸಲ್ಲಿಸಿದರು ಎಂಬುದನ್ನು ಕೇಳಿ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಇನ್ನು ಒಂದು ಬೇಸಿನ ಹೊಡೆತಗಳ ವಿಷಯ. ಕ್ರಿಕೆಟ್ಟಿನಲ್ಲಿ ಚೆಂಡನ್ನು ತಟ್ಟಿ ಓಡದೆ ನಿಲ್ಲುವ ಸ್ವಾತಂತ್ರ್ಯ ಬ್ಯಾಟರ್‌ಗೆ ಇದೆ. ಇಲ್ಲಿ ಚೆಂಡು ಗೆರೆಗಳ ಒಳಗೆ ಬಿದ್ದರೆ ಓಡಲೇಬೇಕು, ಮತ್ತು ತೊಂಬತ್ತು ಅಡಿ ದೂರದ ಬೇಸಿಗೆ ಚೆಂಡಿಗಿಂತ ಮೊದಲು ತಲುಪಬೇಕು. ಇಚಿರೊ ಎಡಗೈ ಬ್ಯಾಟರ್ ಆದ್ದರಿಂದ ಮೊದಲ ಬೇಸಿಗೆ ಒಂದೆರಡು ಹೆಜ್ಜೆ ಹತ್ತಿರ ನಿಲ್ಲುತ್ತಿದ್ದರು; ಅದರ ಮೇಲೆ ಬ್ಯಾಟ್ ಬೀಸುತ್ತಿರುವಾಗಲೇ ಅವರ ದೇಹ ಆ ದಿಕ್ಕಿಗೆ ಓಟ ಶುರುಮಾಡಿರುತ್ತಿತ್ತು. ಬೇರೆಯವರಾಗಿದ್ದರೆ ಸಲೀಸಾಗಿ ಔಟಾಗುವಂಥ ಚೆಂಡಿಗೆ ಇವರು ಬೇಸ್ ಮುಟ್ಟಿರುತ್ತಿದ್ದರು. ಅದನ್ನು ತಡೆಯಲೆಂದು ಕ್ಷೇತ್ರರಕ್ಷಕರು ಮುಂದೆ ಬಂದರೆ ಚೆಂಡು ಅವರ ತಲೆಯ ಮೇಲಿಂದ ಹೋಗುತ್ತಿತ್ತು. ಹೋಮ್ ರನ್ ಆದಾಗ ಎಲ್ಲರೂ ಚೆಂಡನ್ನು ನೋಡುತ್ತಾರೆ. ಇವರು ಆಡುವಾಗ ನಾವು ಚೆಂಡನ್ನು ಬಿಟ್ಟು ಇವರ ಕಾಲುಗಳನ್ನು ನೋಡುತ್ತಿದ್ದೆವು.

ಅಂಕಿಅಂಶ_ಪ್ರಿಯ

ರೆಡ್ಮಂಡ್‌ನವರ ಬರಹವನ್ನು ಸಂತೋಷದಿಂದ ಓದಿದೆ. ಆದರೆ ಅಭಿಮಾನದ ಭರದಲ್ಲಿ ಸಿಸ್ಲರ್ ಅವರಿಗೆ ಅನ್ಯಾಯವಾಗಬಾರದು. ಅವರ ಕಾಲದಲ್ಲಿ ಋತುವಿಗೆ 154 ಪಂದ್ಯಗಳಷ್ಟೇ ಇದ್ದವು. ಇಚಿರೊ 258ನೆಯ ಹಿಟ್ ಗಳಿಸಿದ್ದು ತಂಡದ 160ನೆಯ ಪಂದ್ಯದಲ್ಲಿ. ಸಿಸ್ಲರ್ 631 ಅವಕಾಶಗಳಲ್ಲಿ 257 ಹಿಟ್ ಗಳಿಸಿ .407ರ ಸರಾಸರಿ ಸಾಧಿಸಿದರೆ, ಇಚಿರೊಗೆ 262 ಹಿಟ್‌ಗಳಿಗೆ 704 ಅವಕಾಶಗಳು ಬೇಕಾದವು, ಸರಾಸರಿ .372. ಸಿಸ್ಲರ್ ಆ ವರ್ಷ 19 ಹೋಮ್ ರನ್ ಬಾರಿಸಿದ್ದರು, ಇಚಿರೊ ಬಾರಿಸಿದ್ದು 8. ಅಷ್ಟು ಹಿಟ್‌ಗಳಿದ್ದೂ ತಂಡ 99 ಪಂದ್ಯ ಸೋತದ್ದರಿಂದ, ಇವರು ತಮ್ಮ ಲೆಕ್ಕಕ್ಕಾಗಿ ಆಡುತ್ತಾರೆ ಎಂಬ ಟೀಕೆಯೂ ಇತ್ತು. ಆ ಟೀಕೆಯನ್ನು ನಾನು ಒಪ್ಪುವುದಿಲ್ಲ. ಒಂಬತ್ತು ಮಂದಿ ಸರದಿಯಲ್ಲಿ ಬ್ಯಾಟ್ ಮಾಡುವ ಆಟದಲ್ಲಿ ಮೊದಲಿಗರು ಬೇಸ್ ತಲುಪಿದ ಮೇಲೆ ಅವರನ್ನು ಹೊರಟ ಜಾಗಕ್ಕೆ ಮರಳಿ ಸೇರಿಸಿ ರನ್ ಗಳಿಸಿಕೊಡುವುದು ನಂತರ ಬ್ಯಾಟ್ ಮಾಡುವವರ ಕೆಲಸ, ಆ ವರ್ಷ ಅದನ್ನು ಮಾಡುವವರಿರಲಿಲ್ಲ.

ನನ್ನನ್ನು ಕೇಳಿದರೆ 262ಕ್ಕಿಂತ ದೊಡ್ಡದು 2001ರಿಂದ 2010ರವರೆಗೆ ಸತತ ಹತ್ತು ವರ್ಷ ಇನ್ನೂರಕ್ಕೆ ಕಡಿಮೆಯಾಗದಂತೆ ಹಿಟ್ ಗಳಿಸಿದ್ದು. ಒಂದು ವರ್ಷ ಅದೃಷ್ಟ ಒಲಿಯಬಹುದು, ಹತ್ತು ವರ್ಷ ಒಲಿಯುವುದಿಲ್ಲ. ಆ ಹತ್ತೂ ವರ್ಷ ಅವರಿಗೆ ಕ್ಷೇತ್ರರಕ್ಷಣೆಯ ಗೋಲ್ಡ್ ಗ್ಲೌವ್ ಪ್ರಶಸ್ತಿಯೂ ಬಂದಿತ್ತು.

ಯೊಕೊಹಾಮಾ_ಕನ್ನಡಿಗ

ಎರಡನೆಯ ಸಂದೇಹಕ್ಕೆ ಜಪಾನಿನ ಕಡೆಯಿಂದ ಒಂದು ಮಾತು. ಇಲ್ಲಿನ ನನ್ನ ಹಿರಿಯ ಸಹೋದ್ಯೋಗಿಗಳ ಪಾಲಿಗೆ ಇಚಿರೊ ಎಂದರೆ ಮೊದಲು ನೆನಪಾಗುವುದು ಕೋಬೆ, ಆಮೇಲೆ ಸಿಯಾಟಲ್. 1994ರಲ್ಲಿ ಕೋಬೆಯ ಒರಿಕ್ಸ್ ಬ್ಲೂವೇವ್ ತಂಡಕ್ಕಾಗಿ 130 ಪಂದ್ಯಗಳ ಋತುವಿನಲ್ಲೇ 210 ಹಿಟ್ ಗಳಿಸಿ, ಜಪಾನಿನ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಒಂದೇ ಋತುವಿನಲ್ಲಿ ಇನ್ನೂರು ಮುಟ್ಟಿದ ಮೊದಲಿಗರಾದರು. ಮರುವರ್ಷ ಜನವರಿ 17ರ ಭೂಕಂಪ ಕೋಬೆಯನ್ನು ನೆಲಸಮ ಮಾಡಿದಾಗ, 'ಕೋಬೆ, ಧೈರ್ಯದಿಂದಿರೋಣ' ಎಂಬರ್ಥದ ಬರಹವನ್ನು ತೋಳಿನ ಮೇಲೆ ಹೊತ್ತು ಆಡಿದ ಆ ತಂಡ ಜಪಾನಿನ ಎರಡು ಲೀಗ್‌ಗಳಲ್ಲಿ ಒಂದಾದ ಪೆಸಿಫಿಕ್ ಲೀಗ್ ಗೆದ್ದಿತು. 1996ರಲ್ಲಿ ಎರಡೂ ಲೀಗ್‌ಗಳ ವಿಜೇತರ ನಡುವಿನ ಜಪಾನ್ ಸೀರೀಸನ್ನೂ ಗೆದ್ದಿತು. ಆ 1278 ಹಿಟ್‌ಗಳನ್ನು ಲೆಕ್ಕದಿಂದ ಬಿಡಿ ಎಂದರೆ ಆ ಊರಿನವರು ಹೇಗೆ ಒಪ್ಪಿಯಾರು?

ಹಾಗೆಂದು, 2016ರ ಜೂನ್ 15ರಂದು ಸ್ಯಾನ್ ಡಿಯಾಗೊದಲ್ಲಿ ಅವರ ಒಟ್ಟು ಲೆಕ್ಕ 4257 ಆಗಿ ಅಮೆರಿಕದಲ್ಲಿ ಅತಿ ಹೆಚ್ಚು ಹಿಟ್ ಗಳಿಸಿದ್ದ ಪೀಟ್ ರೋಸ್ ಅವರ 4256ನ್ನು ದಾಟಿದಾಗ, ರೋಸ್ ಅದನ್ನು ಒಪ್ಪದಿದ್ದುದರಲ್ಲಿ ತಪ್ಪೂ ಇರಲಿಲ್ಲ. ಎರಡು ದೇಶಗಳ ಲೀಗ್‌ಗಳು ಒಂದೇ ಮಟ್ಟದವಲ್ಲ, ಮತ್ತು ಅಮೆರಿಕದ ಅಧಿಕೃತ ಪಟ್ಟಿಯಲ್ಲಿ ರೋಸ್ ಅವರೇ ಇಂದಿಗೂ ಮೊದಲಿಗರು. ಕೂಡಿಸಿದ ಸಂಖ್ಯೆಯನ್ನು ದಾಖಲೆ ಎನ್ನುವ ಬದಲು ಒಬ್ಬ ಮನುಷ್ಯನ ದುಡಿಮೆಯ ಲೆಕ್ಕ ಎಂದು ಓದಿದರೆ ಜಗಳ ಉಳಿಯುವುದಿಲ್ಲ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅಮೆರಿಕದ ಲೀಗಿಗೆ ಕಾಲಿಟ್ಟವರು ಅಲ್ಲಿಯೇ ಮೂರು ಸಾವಿರ ದಾಟಿದರೆಂಬುದು ನನಗಂತೂ ಸಾಕು.

2019ರ ಮಾರ್ಚ್ 21ರಂದು ಟೋಕಿಯೋ ಡೋಮಿನಲ್ಲಿ ಅವರ ಕೊನೆಯ ಪಂದ್ಯವಿದ್ದಾಗ ನಾನು ಮೇಲಿನ ಸಾಲಿನಲ್ಲಿದ್ದೆ. ನಾಲ್ಕು ಸಲ ಬ್ಯಾಟ್ ಹಿಡಿದರೂ ಒಂದೂ ಹಿಟ್ ಬರಲಿಲ್ಲ. ಎಂಟನೆಯ ಇನಿಂಗ್ಸಿನಲ್ಲಿ ಅವರನ್ನು ಹೊರಗೆ ಕರೆಸಿಕೊಂಡಾಗ, ಅದೇ ರಾತ್ರಿ ಮ್ಯಾರಿನರ್ಸ್ ಪರ ಮೊದಲ ಪಂದ್ಯ ಆಡುತ್ತಿದ್ದ ಯೂಸೆ ಕಿಕುಚಿ ಬಿಕ್ಕಿ ಅಳುತ್ತಿದ್ದರು. ಪಂದ್ಯ ಮುಗಿದ ಮೇಲೂ ಜನ ಕದಲದೆ ಹೆಸರು ಕೂಗುತ್ತಲೇ ಇದ್ದುದರಿಂದ ಅವರು ಮತ್ತೆ ಹೊರಬಂದು ಮೈದಾನವನ್ನು ಒಂದು ಸುತ್ತು ಹಾಕಿದರು.

ಬೆಲ್ವ್ಯೂ_ಹೊಸಬ

ಎಲ್ಲರಿಗೂ ಧನ್ಯವಾದಗಳು. ಅಂಕಿಅಂಶ_ಪ್ರಿಯ ಅವರು ಗೋಲ್ಡ್ ಗ್ಲೌವ್ ಎಂದಿದ್ದರಿಂದ ಕೇಳುತ್ತಿದ್ದೇನೆ: ಹಿಟ್‌ಗಳ ಹೊರತಾಗಿ ನಾನು ಹುಡುಕಿ ನೋಡಬೇಕಾದ ದೃಶ್ಯಗಳಾವುವು?

ರೆಡ್ಮಂಡ್_ಮಲೆನಾಡಿಗ

ಮೊದಲು 2001ರ ಏಪ್ರಿಲ್ 11ರ ಓಕ್ಲೆಂಡ್ ಪಂದ್ಯವನ್ನು ನೋಡಿ. ಅಮೆರಿಕದಲ್ಲಿ ಅವರು ಆಡತೊಡಗಿ ಎರಡು ವಾರವೂ ಆಗಿರಲಿಲ್ಲ. ಮೊದಲ ಬೇಸಿನಿಂದ ಮೂರನೆಯ ಬೇಸಿಗೆ ಓಡುತ್ತಿದ್ದ ಟೆರೆನ್ಸ್ ಲಾಂಗ್ ಅವರನ್ನು ಬಲಬದಿಯ ಹೊರಮೈದಾನದಿಂದ ನೆಲ ತಾಗದಂತೆ ನೇರವಾಗಿ ಎಸೆದು ಔಟ್ ಮಾಡಿದರು. ಸಿಯಾಟಲ್‌ನ ಹಳೆಯ ಅಭಿಮಾನಿಗಳು 'ಆ ಎಸೆತ' ಎಂದರೆ ಇದೊಂದೇ. ಆಮೇಲೆ 2012ರ ಜುಲೈ 23ರದು. ಅಂದು ಹಗಲು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ವರ್ಗಾವಣೆಯಾದವರು ಅಂದೇ ರಾತ್ರಿ ಸೇಫ್‌ಕೋ ಫೀಲ್ಡಿನಲ್ಲೇ 31ನೆಯ ಸಂಖ್ಯೆಯ ಅಂಗಿ ತೊಟ್ಟು ನಮ್ಮ ವಿರುದ್ಧ ಆಡಿದರು. ಶಿರಸ್ತ್ರಾಣ ತೆಗೆದು ನಮಗೆ ತಲೆಬಾಗಿ, ಮರುಕ್ಷಣವೇ ಹಿಟ್ ಹೊಡೆದು, ಎರಡನೆಯ ಬೇಸನ್ನೂ ಕದ್ದರು (ಹಿಟ್ಟಿಗೆ ಕಾಯದೆ, ಪಿಚರ್ ಚೆಂಡೆಸೆಯುವಾಗಲೇ ಓಡಿ ಮುಂದಿನ ಬೇಸ್ ಸೇರುವುದಕ್ಕೆ ಹಾಗೆನ್ನುತ್ತಾರೆ). ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ನಾವ್ಯಾರೂ ಯೋಚಿಸಲಿಲ್ಲ.

ಅಂಕಿಅಂಶ_ಪ್ರಿಯ

ನನ್ನದೂ ಒಂದು ಸೇರಿಸಿಕೊಳ್ಳಿ: 2007ರ ಆಲ್-ಸ್ಟಾರ್ ಪಂದ್ಯ, ಸ್ಯಾನ್ ಫ್ರಾನ್ಸಿಸ್ಕೊ. ಗೋಡೆಗೆ ತಾಗಿದ ಚೆಂಡು ಅಡ್ಡದಾರಿ ಹಿಡಿದಾಗ, ಮೈದಾನದೊಳಗೇ ಓಡಿ ಹೋಮ್ ರನ್ ಪೂರೈಸಿದರು. ಆಲ್-ಸ್ಟಾರ್ ಪಂದ್ಯಗಳ ಇತಿಹಾಸದಲ್ಲಿ ಅಂಥದ್ದು ಅದೇ ಮೊದಲು. ಹಾಗೆಯೇ, ಬೇಸ್‌ಬಾಲ್‌ನ ಮಹಾನ್ ಆಟಗಾರರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವದ ಮತದಾನದಲ್ಲಿ 394ರಲ್ಲಿ 393 ಮತ ಬಂದಾಗ ಅವರು ಕೊಟ್ಟ ಪ್ರತಿಕ್ರಿಯೆಯನ್ನೂ ಕೇಳಿ: ಮತ ಕೊಡದ ಆ ಒಬ್ಬರನ್ನು ತಮ್ಮ ಮನೆಗೆ ಕರೆದು ಜೊತೆಗೆ ಕೂತು ಕುಡಿಯಬೇಕೆಂದು ಇಚಿರೊ ಹೇಳಿದ್ದರು.